ವಾಂತಿ ಇಂಜೆಕ್ಷನ್ ಬೇಡ ಅನ್ನೋರು ಇದನ್ನೂ ಸ್ವಲ್ಪ ಓದ್ಲಿ

ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಆರೋಗ್ಯ ಪುಟದ ಮೂಲೆಯಲ್ಲಿ ಒಂದು ಚಿಕ್ಕ ಸುದ್ದಿ ಬಂದಿತ್ತು, ವಾಂತಿ ನಿಲ್ಸೋ ಇಂಜೆಕ್ಷನ್‌ನಿಂದ ಹೃದಯದ ಬಡಿತ ಕೆಟ್ಟು ಜೀವಕ್ಕೇ ಅಪಾಯ ಆಗ್ಬಹುದು ಅಂತ. ಆರೇಳು ಸಾಲು ಇರ್ಬೇಕು ಅಷ್ಟೇ, ಆದ್ರೆ ಹೆಡ್ಡಿಂಗ್ ಮಾತ್ರ ದಪ್ಪ ಅಕ್ಷರದಲ್ಲಿತ್ತು. ಅದಾಗಿ ಎರಡು ದಿನಕ್ಕೆ ರಾತ್ರಿ ನಮ್ಮ ಕ್ಯಾಶುವಾಲ್ಟಿಗೆ ಒಬ್ರು ಬಂದ್ರು, ಬೆಳಿಗ್ಗೆಯಿಂದ ಹದಿನೈದು ಸಲ ವಾಂತಿ ಆಗಿದೆ, ನಿಲ್ಲೋಕೂ ತ್ರಾಣ ಇಲ್ಲ, ಮಗನ ಹೆಗಲ ಮೇಲೆ ಕೈ ಹಾಕ್ಕೊಂಡು ಬಂದವರು ಇನ್ನೊಂದು ಕೈಲಿ ಮೊಬೈಲ್ ಹಿಡಿದು ನಿಮ್ಮ ಸುದ್ದಿಯ ಫೋಟೋ ತೋರಿಸಿ "ಸಿಸ್ಟರ್, ಆ ಇಂಜೆಕ್ಷನ್ ಒಂದು ಬಿಟ್ಟು ಬೇರೆ ಏನಾದ್ರೂ ಹಾಕಿ" ಅಂದ್ರು. ನನಗೆ ನಗುನೂ ಬಂತು, ಸಿಟ್ಟೂ ಬಂತು. ಅವರ ಮೇಲಲ್ಲ, ನಿಮ್ಮ ಮೇಲೆ.

ಎಮರ್ಜೆನ್ಸಿ ವಾರ್ಡಲ್ಲಿ 19 ವರ್ಷದಿಂದ ನರ್ಸ್ ಕೆಲಸ ಮಾಡ್ತಿದೀನಿ. ಡಾಕ್ಟರ್ ಅಲ್ಲ, ಅದು ಮೊದಲೇ ಹೇಳಿಬಿಡ್ತೀನಿ. ಆದ್ರೆ ಆ ಸಿರಿಂಜ್ ಕೈಲಿ ಹಿಡ್ಕೊಂಡು ರಕ್ತನಾಳಕ್ಕೆ ತಳ್ಳೋದು ಯಾರು ಅಂದ್ರೆ ನಾವೇ, ಹಾಗಾಗಿ ಎಷ್ಟು ತಳ್ತೀವಿ, ಎಷ್ಟು ಹೊತ್ತಲ್ಲಿ ತಳ್ತೀವಿ ಅನ್ನೋದರ ಬಗ್ಗೆ ನಾಲ್ಕು ಮಾತಾಡೋ ಹಕ್ಕು ನನಗೂ ಇದೆ ಅಂದ್ಕೊಂಡು ಬರೀತಿದೀನಿ.

ನೀವು ಹಾಕಿದ್ದು ಸುಳ್ಳು ಸುದ್ದಿ ಅಲ್ಲ. ಒಂಡಾನ್ಸೆಟ್ರಾನ್ ಅಂತ ಒಂದು ಔಷಧಿ ಇದೆ, ಈಗ ಪ್ರಪಂಚದ ಎಷ್ಟೋ ಕಡೆ ಎಮರ್ಜೆನ್ಸಿಗಳಲ್ಲಿ ವಾಂತಿಗೆ ಮೊದಲು ಕೈಗೆ ಬರೋದೇ ಅದು. ಅದು ಹೃದಯದ ಕರೆಂಟ್ ಮೇಲೆ ಸ್ವಲ್ಪ ಕೈ ಆಡ್ಸತ್ತೆ ಅನ್ನೋದು ನಿಜ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಒಮ್ಮೆ ಎಚ್ಚರಿಕೆ ಕೊಟ್ಟು, 2012ರಲ್ಲಿ ಮತ್ತೆ ಅಂಕಿ ಸಮೇತ ಹೇಳ್ತು. ನಿಮ್ಮ ಸುದ್ದಿ ಅಲ್ಲಿಂದಾನೇ ಎತ್ತಿದ್ದು ಅಂತ ಓದಿದ ತಕ್ಷಣ ಗೊತ್ತಾಯ್ತು. ಆದ್ರೆ ಅದರಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ ನೋಡಿ, 32. ಎಫ್‌ಡಿಎ ಬೇಡ ಅಂದಿದ್ದು 32 ಮಿಲಿಗ್ರಾಂನ ಒಂದೇ ಡೋಸನ್ನ ಒಟ್ಟಿಗೆ ರಕ್ತನಾಳಕ್ಕೆ ಕೊಡೋದನ್ನ. ಅದು ಕ್ಯಾನ್ಸರ್ ಕಿಮೋಥೆರಪಿ ತಗೊಳ್ಳೋರಿಗೆ ಕೊಡ್ತಿದ್ದ ದೊಡ್ಡ ಡೋಸು. ಒಂದು ಸಲಕ್ಕೆ 16 ಮಿಲಿಗ್ರಾಂ ದಾಟಬಾರದು ಅಂದ್ರು, 32ರ ರೆಡಿಮೇಡ್ ಬಾಟ್ಲನ್ನ ಅದೇ ವರ್ಷ ಕೊನೇಲಿ ಮಾರ್ಕೆಟ್‌ನಿಂದ ತೆಗೆಸಿದ್ರು. ನಾವು ಎಮರ್ಜೆನ್ಸಿಲಿ ಕೊಡೋದು ಸಾಮಾನ್ಯವಾಗಿ 4 ಮಿಲಿಗ್ರಾಂ, ಕೆಲವ್ರಿಗೆ 8. ನಾಲ್ಕೆಲ್ಲಿ, ಮೂವತ್ತೆರಡೆಲ್ಲಿ.

ಹೃದಯದ ಮೇಲೆ ಕೈ ಆಡ್ಸತ್ತೆ ಅಂದ್ರೆ ಏನು ಅಂತ ನಿಮ್ಮ ಸುದ್ದೀಲಿ ಒಂದು ಸಾಲೂ ಇರ್ಲಿಲ್ಲ, ಅದಕ್ಕೇ ಜನ ಹೆದರಿದ್ದು. ಇಸಿಜಿ ಪಟ್ಟಿ ನೋಡಿರ್ತೀರಲ್ಲ, ಗೀಟು ಗೀಟಾಗಿ ಏರಿ ಇಳಿದು ಹೋಗತ್ತೆ. ಅದರಲ್ಲಿ ಕ್ಯೂ ಅನ್ನೋ ಜಾಗದಿಂದ ಟಿ ಅನ್ನೋ ಗುಡ್ಡ ಮುಗಿಯೋವರೆಗಿನ ಉದ್ದಕ್ಕೆ ಕ್ಯೂಟಿ ಅಂತಾರೆ. ಹೃದಯ ಒಂದು ಸಲ ಬಡಿದು, ಮತ್ತೆ ಚಾರ್ಜ್ ಆಗಿ, ಮುಂದಿನ ಬಡಿತಕ್ಕೆ ರೆಡಿಯಾಗೋಕೆ ತಗೊಳ್ಳೋ ಟೈಮ್ ಅದು, ಹೆಚ್ಚುಕಮ್ಮಿ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ, ಅಂದ್ರೆ 400 ಮಿಲಿಸೆಕೆಂಡ್. ಚಾರ್ಜ್ ಆಗ್ಬೇಕಾದ್ರೆ ಹೃದಯದ ಜೀವಕೋಶದಿಂದ ಪೊಟ್ಯಾಶಿಯಂ ಹೊರಗೆ ಹೋಗ್ಬೇಕು, ಅದಕ್ಕೆ ಸಣ್ಣ ಸಣ್ಣ ಬಾಗಿಲುಗಳಿವೆ. ಅದರಲ್ಲಿ ಒಂದು ಬಾಗಿಲಿನ ಹೆಸರು ಹರ್ಗ್ ಅಂತ. ಈ ಹೆಸರಿನ ಕತೆ ತಮಾಷೆಯಾಗಿದೆ, ಹಣ್ಣಿನ ನೊಣಕ್ಕೆ ಈಥರ್ ಕೊಟ್ಟಾಗ ಒಂದು ಜಾತಿ ನೊಣ ಡ್ಯಾನ್ಸ್ ಮಾಡೋ ಥರ ಕಾಲು ಅಲ್ಲಾಡಿಸ್ತಂತೆ, ಆಗಿನ ಕಾಲದ ಗೋ ಗೋ ಡ್ಯಾನ್ಸ್ ನೆನಪಾಗಿ ಆ ಜೀನ್‌ಗೆ ಈಥರ್ ಆ ಗೋ ಗೋ ಅಂತಾನೇ ಹೆಸರಿಟ್ಬಿಟ್ರು, ಮನುಷ್ಯರಲ್ಲಿ ಇರೋ ಅದರ ನೆಂಟನೇ ಈ ಹರ್ಗ್. ನೊಣದ ಕಾಲಿಗೂ ನಮ್ಮ ವಾರ್ಡಿನ ಮಾನಿಟರ್‌ಗೂ ಏನು ಸಂಬಂಧ ಅಂತ ಟ್ರೈನಿಂಗಲ್ಲಿ ಕೇಳಿದಾಗ ನಾನೂ ನಕ್ಕಿದ್ದೆ.

ಇರ್ಲಿ. ಒಂಡಾನ್ಸೆಟ್ರಾನ್ ಆ ಬಾಗಿಲಿಗೆ ಸ್ವಲ್ಪ ಅಡ್ಡ ನಿಲ್ಲತ್ತೆ. ಚಾರ್ಜ್ ಆಗೋದು ನಿಧಾನ ಆಗತ್ತೆ, ಕ್ಯೂಟಿ ಉದ್ದ ಆಗತ್ತೆ. ಎಷ್ಟು ಉದ್ದ? 32 ಮಿಲಿಗ್ರಾಂ ಕೊಟ್ಟಾಗ ಸರಾಸರಿ ಸುಮಾರು 20 ಮಿಲಿಸೆಕೆಂಡ್, 8 ಕೊಟ್ಟಾಗ ಸುಮಾರು 6. ಇಸಿಜಿ ಕಾಗದದ ಮೇಲೆ ಚಿಕ್ಕ ಚಿಕ್ಕ ಚೌಕ ಇರತ್ತಲ್ಲ, ಒಂದು ಚೌಕ ಅಂದ್ರೆ 40 ಮಿಲಿಸೆಕೆಂಡ್. ಅಂದ್ರೆ ದೊಡ್ಡ ಡೋಸಿಗೆ ಅರ್ಧ ಚೌಕ, 8ಕ್ಕೆ ಒಂದು ಚೌಕದಲ್ಲಿ ಆರನೇ ಒಂದು ಭಾಗಾನೂ ಬರ್ಲಿಕ್ಕಿಲ್ಲ, ಕಣ್ಣಲ್ಲಿ ಅಳೆಯೋಕೂ ಆಗಲ್ಲ. ಆರೋಗ್ಯವಂತರಿಗೆ ಇದು ಲೆಕ್ಕಕ್ಕೇ ಇಲ್ಲ.

ಹಾಗಿದ್ರೆ ಭಯ ಯಾರಿಗೆ? ಮೊದಲೇ ಕ್ಯೂಟಿ ಎಳೆದುಕೊಂಡು ಕೂತಿರೋರಿಗೆ. ಗಂಡಸರಲ್ಲಿ 450, ಹೆಂಗಸರಲ್ಲಿ 460ರ ಒಳಗಿದ್ರೆ ಆರಾಮ ಅಂತಾರೆ, 500 ದಾಟಿದ್ರೆ ಡಾಕ್ಟ್ರ ಮುಖ ಬದಲಾಗತ್ತೆ. ಆ ಅರ್ಧಂಬರ್ಧ ಚಾರ್ಜ್ ಆದ ಹೊತ್ತಲ್ಲಿ ಎಲ್ಲಿಂದಲೋ ಒಂದು ಕಿಡಿ ಹಾರಿದ್ರೆ ಹೃದಯ ತಾಳ ತಪ್ಪಿ ಸಿಕ್ಕಾಪಟ್ಟೆ ಓಡೋಕೆ ಶುರು ಮಾಡತ್ತೆ, ಮಾನಿಟರ್ ಮೇಲೆ ಗೀಟುಗಳು ಹಗ್ಗ ಹೊಸೆದ ಥರ ಸುತ್ತಿಕೊಂಡು ದಪ್ಪ ಆಗಿ ಸಣ್ಣ ಆಗಿ ದಪ್ಪ ಆಗಿ ಹೋಗ್ತವೆ. ಟೊರ್ಸಾಡ್ ದ ಪ್ವಾಂಟ್ ಅಂತಾರೆ, 1966ರಲ್ಲಿ ದೆಸೆರ್ಟೆನ್ ಅನ್ನೋ ಫ್ರೆಂಚ್ ಡಾಕ್ಟರ್ ಇಟ್ಟ ಹೆಸರು.

ನಾನು ಇದನ್ನ ಕಣ್ಣಾರೆ ನೋಡಿದ್ದು ಒಂದೇ ಸಲ. ಅದು ನಾನು ಆಗ ಇದ್ದ ಬೇರೆ ಆಸ್ಪತ್ರೆ, ಹೆಸರು ಬೇಡ. ಐವತ್ತು ದಾಟಿದ ಹೆಂಗಸು, ಮೂರು ದಿನದಿಂದ ವಾಂತಿ ಭೇದಿ, ಬಿಪಿಗೆ ಅಂತ ಮೂತ್ರ ಹೋಗಿಸೋ ಮಾತ್ರೆ ತಗೊಳ್ತಿದ್ರು, ಯಾರೋ ಕೊಟ್ಟ ಆಂಟಿಬಯೋಟಿಕ್ ಬೇರೆ ನಡೀತಿತ್ತು. ಬಂದ ತಕ್ಷಣ ಒಂದು ಇಂಜೆಕ್ಷನ್ ಆಯ್ತು, ನಿಲ್ಲಲಿಲ್ಲ ಅಂತ ಸ್ವಲ್ಪ ಹೊತ್ತಿಗೆ ಇನ್ನೊಂದು, ಶಿಫ್ಟ್ ಬದಲಾಯ್ತು, ಮೊದಲಿನವರು ಏನು ಕೊಟ್ರು ಅಂತ ಸರಿಯಾಗಿ ನೋಡದೆ ಬೇರೆ ಇನ್ನೊಂದು ವಾಂತಿ ಔಷಧಿ. ಇಸಿಜಿ ಆಗಿರ್ಲಿಲ್ಲ. ಮಗಳ ಹತ್ರ ಮಾತಾಡ್ತಿದ್ದವರು ಹಾಗೇ ಕಣ್ಣು ಮೇಲೆ ಮಾಡಿ ಕೈಕಾಲು ಸೆಟೆದ್ರು, ಎಲ್ರೂ ಫಿಟ್ಸ್ ಅಂತಾನೇ ಅಂದ್ಕೊಂಡ್ವಿ, ಫಿಟ್ಸ್‌ಗೆ ಕೊಡೋ ಇಂಜೆಕ್ಷನ್ ಒಡೀತಿದ್ದೆ ನಾನು, ಅಷ್ಟರಲ್ಲಿ ಒಬ್ರು ಸೀನಿಯರ್ ಸಿಸ್ಟರ್ ಮಾನಿಟರ್ ವೈರ್ ಹಚ್ಚಿದ್ರು, ನೋಡಿದ್ರೆ ಹಗ್ಗ ಹೊಸೀತಿದೆ. ತಾನಾಗೇ ಒಮ್ಮೆ ನಿಂತ್ತು, ಮತ್ತೆ ಶುರುವಾಯ್ತು. 2 ಗ್ರಾಂ ಮೆಗ್ನೀಸಿಯಂ ಹೋದ ಮೇಲೆ ಹತೋಟಿಗೆ ಬಂತು, ಶಾಕ್ ಕೊಡೋ ಮೆಷಿನ್ ಪಕ್ಕದಲ್ಲೇ ತಂದಿಟ್ಟಿದ್ರು, ಬೇಕಾಗ್ಲಿಲ್ಲ. ಆಮೇಲೆ ರಿಪೋರ್ಟ್ ಬಂತು, ಪೊಟ್ಯಾಶಿಯಂ 2.6. ಕನಿಷ್ಠ 3.5 ಇರ್ಬೇಕು.

ಇದನ್ನ ಓದಿ "ನೋಡಿ, ಇಂಜೆಕ್ಷನ್‌ದೇ ತಪ್ಪು" ಅಂತ ಹೇಳೋರು ಹೇಳ್ತಾರೆ. ನಾನು ಹಾಗೆ ಹೇಳಲ್ಲ. ಆ ಒಂದು ಇಂಜೆಕ್ಷನ್ ಒಂಟಿಯಾಗಿ ಏನೂ ಮಾಡ್ತಿರ್ಲಿಲ್ಲ. ಅಲ್ಲಿ ಕೂಡಿದ್ದು ನಾಲ್ಕೈದು ವಿಷಯ: ಮೂರು ದಿನ ಖಾಲಿಯಾದ ಪೊಟ್ಯಾಶಿಯಂ, ಅದನ್ನ ಇನ್ನೂ ಹೊರಗೆ ಹಾಕೋ ಬಿಪಿ ಮಾತ್ರೆ, ಕ್ಯೂಟಿ ಎಳೆಯೋ ಆಂಟಿಬಯೋಟಿಕ್ಕು, ಅದರ ಮೇಲೆ ಒಂದರ ಮೇಲೊಂದು ವಾಂತಿ ಔಷಧಿ. ಹೆಂಗಸು ಅನ್ನೋದೂ ಲೆಕ್ಕಕ್ಕೆ ಬರತ್ತೆ, ಔಷಧಿಯಿಂದ ಹೀಗೆ ತಾಳ ತಪ್ಪೋರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರೇ.

ಇನ್ನೂ ಒಂದು ಸೂಕ್ಷ್ಮ ಇದೆ, ನಿಮ್ಮ ಸುದ್ದಿ ಓದಿ ಇಂಜೆಕ್ಷನ್ ಬೇಡ ಅನ್ನೋರಿಗೆ ಇದನ್ನೇ ನಾನು ಹೇಳೋಕೆ ಪರದಾಡ್ತಿರೋದು. ವಾಂತಿ ಹಾಗೇ ಬಿಟ್ರೆ ಹೃದಯಕ್ಕೆ ಒಳ್ಳೇದಾ? ವಾಂತಿ ಆದಾಗೆಲ್ಲ ಹೊಟ್ಟೆಯ ಆಸಿಡ್ ಹೋಗತ್ತೆ, ಆ ವ್ಯತ್ಯಾಸ ಸರಿ ಮಾಡೋಕೆ ಹೋಗಿ ಕಿಡ್ನಿ ಪೊಟ್ಯಾಶಿಯಂನ ಮೂತ್ರದಲ್ಲಿ ಬಿಟ್ಬಿಡತ್ತೆ, ವಾಂತೀಲಿ ನೇರವಾಗಿ ಹೋಗೋದಕ್ಕಿಂತ ಇದೇ ಜಾಸ್ತಿ. ಪೊಟ್ಯಾಶಿಯಂ ಇಳಿದ್ರೆ ಅದೇ ಹರ್ಗ್ ಬಾಗಿಲು ಸರಿಯಾಗಿ ಕೆಲಸ ಮಾಡಲ್ಲ, ಕ್ಯೂಟಿ ತಾನಾಗೇ ಉದ್ದ ಆಗತ್ತೆ. ಯಾವ ಭಯಕ್ಕೆ ಇಂಜೆಕ್ಷನ್ ಬೇಡ ಅಂದ್ರೋ ಅದೇ ಭಯದ ಕಡೆಗೇ ವಾಂತಿ ಎಳ್ಕೊಂಡು ಹೋಗ್ತಿರತ್ತೆ.

ಹಿಂದೆ ಒಂದು ಔಷಧಿಗೆ ಹೀಗೇ ಆಗಿದೆ. ಡ್ರೊಪೆರಿಡಾಲ್ ಅಂತ, 1970ರಿಂದ ಅಮೆರಿಕದಲ್ಲಿ ಆಪರೇಷನ್ ಥಿಯೇಟರಲ್ಲಿ, ಎಮರ್ಜೆನ್ಸಿಲಿ ವಾಂತಿಗೆ ಧಾರಾಳವಾಗಿ ಕೊಡ್ತಿದ್ರು. 2001ರ ಡಿಸೆಂಬರಲ್ಲಿ ಅದರ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದ್ರೆ ಔಷಧಿ ಲೇಬಲ್ ಮೇಲೆ ಹಾಕಿಸೋ ಅತೀ ಗಂಭೀರ ಎಚ್ಚರಿಕೆ ಬಂತು, ಕೊಡೋ ಮೊದಲು ಇಸಿಜಿ ಮಾಡಿ, ಕೊಟ್ಟ ಮೇಲೂ ಎರಡು ಮೂರು ಗಂಟೆ ಮಾನಿಟರ್ ಹಾಕಿ ಅಂತ. ಆಗ ಬಂದ ಕೇಸುಗಳಲ್ಲಿ ಎಷ್ಟೋ ಜನಕ್ಕೆ ವಾಂತಿಗೆ ಕೊಡೋ ಡೋಸಿಗಿಂತ ತುಂಬಾ ಜಾಸ್ತಿ ಹೋಗಿತ್ತು, ಜೊತೆಗೆ ಬೇರೆ ಕಾಯಿಲೆನೂ ಇದ್ವು ಅಂತ ಎಮರ್ಜೆನ್ಸಿ ಡಾಕ್ಟ್ರುಗಳು ವರ್ಷಗಟ್ಟಲೆ ವಾದ ಮಾಡಿದ್ರು. ಯಾರೂ ಕೇಳಲಿಲ್ಲ, ಔಷಧಿ ಕಪಾಟಿನಿಂದಾನೇ ಮಾಯ ಆಯ್ತು. ಆ ಜಾಗಕ್ಕೆ ಬಂದು ಕೂತಿದ್ದು ಬಹುಪಾಲು ಒಂಡಾನ್ಸೆಟ್ರಾನ್. 2005ರಲ್ಲಿ ಎರಡನ್ನೂ ವಾಂತಿಗೆ ಕೊಡೋ ಚಿಕ್ಕ ಡೋಸಲ್ಲಿ ಪಕ್ಕಪಕ್ಕ ಇಟ್ಟು ಅಳೆದು ನೋಡಿದ್ರೆ ಹೆಚ್ಚುಕಮ್ಮಿ ಎರಡೂ ಒಂದೇ ಅಷ್ಟು ಕ್ಯೂಟಿ ಎಳೀತಿದ್ವು! ಕೊನೆಗೆ 2019ರಲ್ಲಿ ಡ್ರೊಪೆರಿಡಾಲ್ ಅಮೆರಿಕದ ಮಾರ್ಕೆಟ್ಟಿಗೆ ವಾಪಸ್ ಬಂತು, ಆ ಚೌಕಟ್ಟು ಇಟ್ಕೊಂಡೇ.

ಹಾಗಂತ ಎಲ್ಲಾ ಎಚ್ಚರಿಕೆನೂ ಗಾಳಿಸುದ್ದಿ ಅಂತಿಲ್ಲ ನಾನು. ಸಿಸಪ್ರೈಡ್ ಅಂತ ಹೊಟ್ಟೆ ಔಷಧಿ ಇತ್ತು, ಇದೇ ಕಾರಣಕ್ಕೆ 2000ದಲ್ಲಿ ಅಮೆರಿಕದಲ್ಲಿ ನಿಂತುಹೋಯ್ತು, ಹೋಗಿದ್ದೇ ಒಳ್ಳೇದಾಯ್ತು. ಡೊಂಪೆರಿಡೋನ್ ಅನ್ನೋ ವಾಂತಿ ಔಷಧಿ ಇಂಜೆಕ್ಷನ್ ರೂಪದಲ್ಲಿ 80ರ ದಶಕದಲ್ಲೇ ಹೋಯ್ತು, ರಕ್ತನಾಳಕ್ಕೆ ಕೊಟ್ಟಾಗ ಹೃದಯ ನಿಂತ ಕೇಸುಗಳಾದ ಮೇಲೆ. ಅದರ ಮಾತ್ರೆ ಈಗಲೂ ಇದೆ, ಜನ ಗ್ಯಾಸ್ ಮಾತ್ರೆ ಜೊತೆ ತಿಂಗಳುಗಟ್ಟಲೆ ನುಂಗ್ತಾರೆ, ಆದ್ರೆ ಯುರೋಪಿನವರು 2014ರಲ್ಲೇ ದಿನಕ್ಕೆ 10 ಮಿಲಿಗ್ರಾಂನದ್ದು ಮೂರು, ಅದೂ ಸಾಮಾನ್ಯವಾಗಿ ಒಂದು ವಾರಕ್ಕಿಂತ ಜಾಸ್ತಿ ಬೇಡ ಅಂತ ಹೇಳಿದಾರೆ, 60 ದಾಟಿದೋರಿಗೆ ಅಪಾಯ ಹೆಚ್ಚು ಅಂತಾನೂ. ನೀವು ಸುದ್ದಿ ಮಾಡೋದಾದ್ರೆ ಇದನ್ನ ಮಾಡಿ. ನಾವು ಆಸ್ಪತ್ರೆಲಿ ಮಾನಿಟರ್ ಪಕ್ಕ ನಿಂತು ಕೊಡೋ 4 ಮಿಲಿಗ್ರಾಂಗಿಂತ ಮನೇಲಿ ಯಾರೂ ನೋಡದೆ ತಿಂಗಳುಗಟ್ಟಲೆ ನಡೆಯೋ ಮಾತ್ರೆ ಬಗ್ಗೆ ನನಗೆ ಹೆಚ್ಚು ದಿಗಿಲು.

ಬಾಯಿಂದ ಒಂದೇ ಸಲ ಕೊಡೋ ಒಂಡಾನ್ಸೆಟ್ರಾನ್ ಬಗ್ಗೆ ತಾಯಂದಿರು ತುಂಬಾ ಕೇಳ್ತಾರೆ, ಮಕ್ಕಳಿಗೆ ವಾಂತಿ ಭೇದಿಯಾದಾಗ ಡಾಕ್ಟ್ರು ಒಂದು ಡೋಸ್ ಬರೀತಾರಲ್ಲ, ಅದು. 2014ರಲ್ಲಿ ಅಲ್ಲೀತನಕ ವರದಿಯಾದ ಕೇಸುಗಳನ್ನೆಲ್ಲ ಕೂಡಿಸಿ ನೋಡಿದೋರಿಗೆ, ಬಾಯಿಂದ ಒಂದು ಡೋಸ್ ತಗೊಂಡು ತಾಳ ತಪ್ಪಿದ ಒಂದು ಕೇಸೂ ಸಿಗಲಿಲ್ಲ, ಸಿಕ್ಕಿದ್ದರಲ್ಲಿ ಬಹುಪಾಲು ರಕ್ತನಾಳಕ್ಕೆ ಕೊಟ್ಟಿದ್ದು. ಹುಟ್ಟಿನಿಂದಲೇ ಕ್ಯೂಟಿ ಉದ್ದ ಇರೋ ಮಕ್ಕಳ ಮಾತು ಬೇರೆ, ಅಂಥೋರು ಸುಮಾರು 2000ಕ್ಕೆ ಒಬ್ರು ಇರ್ತಾರೆ, ಅದಕ್ಕೇ ಕೇಳೋದು ನಾವು, ಓಡುವಾಗ, ಈಜುವಾಗ ತಲೆ ತಿರುಗಿ ಬಿದ್ದಿದಾರಾ, ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಏನೂ ಕಾರಣ ಇಲ್ಲದೆ ಹೋಗ್ಬಿಟ್ಟಿದಾರಾ ಅಂತ. ಜನ ಅಂದ್ಕೊಳ್ತಾರೆ ಈ ಸಿಸ್ಟರ್‌ಗೆ ಬೇರೆ ಕೆಲಸ ಇಲ್ಲ, ವಾಂತಿ ಅಂತ ಬಂದ್ರೆ ಮನೆಯೋರ ಚರಿತ್ರೆ ಕೇಳ್ತಾಳೆ ಅಂತ.

ನಮ್ಮ ಕಡೆ ತಪ್ಪಿಲ್ಲ ಅಂತಲ್ಲ, ಅದನ್ನೂ ಬರೀತೀನಿ, ಪ್ರಕಟ ಮಾಡಿದ್ರೆ ಮಾಡಿ. ಗಲಾಟೆ ಇರೋ ರಾತ್ರಿ ಹತ್ತು ಬೆಡ್ಡಿಗೆ ಇಬ್ಬರು ಇದ್ದಾಗ ಇಂಜೆಕ್ಷನ್‌ನ ಸರಕ್ ಅಂತ ತಳ್ಳಿ ಮುಂದಿನ ಬೆಡ್ಡಿಗೆ ಓಡೋದು ಇದೆ. ಒಂಡಾನ್ಸೆಟ್ರಾನ್ ಎರಡರಿಂದ ಐದು ನಿಮಿಷ ತಗೊಂಡು ಕೊಡ್ಬೇಕು. ವಯಸ್ಸಾದೋರಿಗೆ ಸಲೈನಲ್ಲಿ ಕಲಸಿ 15 ನಿಮಿಷದಲ್ಲಿ ಹೋಗೋ ಹಾಗೆ ಬಿಡ್ಬೇಕು, 75 ದಾಟಿದ್ರೆ ಮೊದಲ ಡೋಸ್ 8 ಮಿಲಿಗ್ರಾಂ ಮೀರಬಾರದು, ಮತ್ತೆ ಕೊಡ್ಬೇಕಾದ್ರೆ ನಾಲ್ಕು ಗಂಟೆ ಬಿಡ್ಬೇಕು ಅಂತ ಬ್ರಿಟನ್ನಿನವರು 2013ರಲ್ಲೇ ಹೇಳಿದ್ದು. ಐದು ನಿಮಿಷ ಒಂದೇ ಬೆಡ್ ಪಕ್ಕ ನಿಂತು ಸಿರಿಂಜ್ ಒತ್ತೋದು ಅಂದ್ರೆ ಏನು ಅಂತ ಆ ಹೊತ್ತಲ್ಲಿ ಅಲ್ಲಿ ನಿಂತೋರಿಗೆ ಗೊತ್ತು, ಪಕ್ಕದ ಬೆಡ್‌ನವರು "ಏನು ಸಿಸ್ಟರ್ ಆರಾಮಾಗಿ ನಿಂತಿದೀರ" ಅಂತ ಕೂಗ್ತಿರ್ತಾರೆ. ಹಾಗೆ ನಿಂತಿದ್ದರೆ ಬೈಬೇಡಿ ದಯವಿಟ್ಟು.

ಎಲ್ಲರಿಗೂ ಇಸಿಜಿ ಮಾಡಿ ಅಂತ ನಾನು ಹೇಳ್ತಿಲ್ಲ. ಇಪ್ಪತ್ತು ವರ್ಷದ ಹುಡುಗ, ಬೇರೆ ಮಾತ್ರೆ ಇಲ್ಲ, ಬೆಳಿಗ್ಗೆಯಿಂದ ಮೂರು ಸಲ ವಾಂತಿ, ಅವನಿಗೆ ಇಸಿಜಿಗಾಗಿ ಕಾಯಿಸೋದು ವೇಸ್ಟು. ಆದ್ರೆ ವಯಸ್ಸಾದೋರು, ಹೃದಯದ ಕಾಯಿಲೆ ಇರೋರು, ದಿನಗಟ್ಟಲೆ ವಾಂತಿ ಭೇದಿ ಆದೋರು, ಮಾತ್ರೆ ಜಾಸ್ತಿ ನುಂಗೋರು, ಇವರಿಗೆ ಇಂಜೆಕ್ಷನ್‌ಗಿಂತ ಮೊದಲು ಒಂದು ಇಸಿಜಿ ತೆಗೆದ್ರೆ ಎರಡು ಲಾಭ. ಒಂದು ಈ ಕ್ಯೂಟಿ. ಇನ್ನೊಂದು, ಹಾರ್ಟ್ ಅಟ್ಯಾಕೇ ಎಷ್ಟೋ ಸಲ ವಾಂತಿ ರೂಪದಲ್ಲಿ ಬರತ್ತೆ, ಅದರಲ್ಲೂ ಹೃದಯದ ಕೆಳಗಿನ ಗೋಡೆಗೆ ಆದಾಗ, ಎದೆನೋವು ಅಂತ ಹೇಳೋದೇ ಇಲ್ಲ, ಸುಮ್ನೆ ಬೆವರು, ವಾಕರಿಕೆ. ವಾಂತಿ ನಿಲ್ಲಿಸಿ ಮನೆಗೆ ಕಳಿಸಿದ್ರೆ ಮುಗೀತು ಕತೆ.

ಇನ್ನು ಇಸಿಜಿ ಮೆಷಿನ್ ಮೇಲೆ ಪ್ರಿಂಟ್ ಆಗಿ ಬರೋ ಕ್ಯೂಟಿ ನಂಬರ್ ನೋಡಿ ಗೂಗಲ್ ಮಾಡೋ ಮಕ್ಕಳಿಗೆ ಒಂದು ಮಾತು. ವಾಂತಿ ಆಗ್ತಿರೋರ ಹೃದಯ ಜೋರಾಗಿ ಓಡ್ತಿರತ್ತೆ, ಆಗ ಆ ನಂಬರ್ ಸುಳ್ಳು ಹೇಳೋದುಂಟು. ಬಡಿತದ ಸ್ಪೀಡಿಗೆ ತಕ್ಕ ಹಾಗೆ ಕ್ಯೂಟಿನ ಸರಿಮಾಡೋಕೆ ಬ್ಯಾಝೆಟ್ ಅಂತ ಒಂದು ಲೆಕ್ಕ, ಫ್ರಿಡೆರಿಸಿಯಾ ಅಂತ ಇನ್ನೊಂದು, ಎರಡೂ 1920ರವು. ನಿಮಿಷಕ್ಕೆ 120 ಬಡಿತ, ಕ್ಯೂಟಿ 320 ಇದ್ರೆ ಮೊದಲನೇ ಲೆಕ್ಕದಲ್ಲಿ 453 ಬರತ್ತೆ, ಎರಡನೇದರಲ್ಲಿ 403. ಅದೇ ಮನುಷ್ಯ, ಅದೇ ಕಾಗದ. ಅನೇಕ ಮೆಷಿನ್‌ಗಳಲ್ಲಿ ಬರೋದು ಮೊದಲನೇದು. ಹಾಗಾಗಿ ನಂಬರ್ ನೋಡಿ ಗಾಬರಿಯಾಗೋದು ಬೇಡ, ಡಾಕ್ಟ್ರನ್ನ ಕೇಳಿ.

ಬೇರೆ ಔಷಧಿ ಇಲ್ವಾ ಅಂತ ಕೇಳ್ತಾರೆ. ಇವೆ. ಮೆಟೊಕ್ಲೊಪ್ರಮೈಡ್ ಕ್ಯೂಟಿನ ಅಷ್ಟು ಎಳೆಯಲ್ಲ, ಆದ್ರೆ ಕೆಲವ್ರಿಗೆ, ಅದರಲ್ಲೂ ಚಿಕ್ಕ ವಯಸ್ಸಿನೋರಿಗೆ, ಕತ್ತು ತಿರುಚಿಕೊಳ್ಳತ್ತೆ, ದವಡೆ ಹಿಡ್ಕೊಳ್ಳತ್ತೆ, ಇಲ್ಲಾಂದ್ರೆ ಕೂತಲ್ಲಿ ಕೂರೋಕಾಗದೆ ಎದ್ದು ಓಡ್ತಾರೆ, ಅದನ್ನೂ ನಿಧಾನ ಕೊಟ್ರೆ ಈ ಕಾಟ ಕಮ್ಮಿ. ಹ್ಯಾಲೊಪೆರಿಡಾಲ್‌ಗೂ ಕ್ಯೂಟಿ ಎಚ್ಚರಿಕೆ ಇದೆ. ಆಶ್ಚರ್ಯ ಅಂದ್ರೆ ಏನೂ ಎಳೆಯದ ಒಂದು ಉಪಾಯ ನಮ್ಮ ಟ್ರೇಲೇ ಇರತ್ತೆ, ಇಂಜೆಕ್ಷನ್ ಮೊದಲು ಚರ್ಮ ಒರೆಸೋ ಸ್ಪಿರಿಟ್ ಪ್ಯಾಡು. ಅದನ್ನ ಮೂಗಿನ ಹತ್ರ ಹಿಡಿದು ನಿಧಾನಕ್ಕೆ ಉಸಿರೆಳ್ಕೊಂಡ್ರೆ ವಾಕರಿಕೆ ಇಳಿಯತ್ತೆ. ನಾನು ಮೊದಲು ಇದು ಯಾರೋ ಮಾಡಿದ ತಮಾಷೆ ಅಂದ್ಕೊಂಡಿದ್ದೆ, ಆದ್ರೆ 2018ರಲ್ಲಿ ಎಮರ್ಜೆನ್ಸಿ ಪೇಷೆಂಟ್‌ಗಳ ಮೇಲೇ ಪರೀಕ್ಷೆ ಮಾಡಿದಾಗ ಬರೀ ಒಂಡಾನ್ಸೆಟ್ರಾನ್ ಮಾತ್ರೆ ತಗೊಂಡೋರಿಗಿಂತ ಇದನ್ನ ಮೂಸಿದೋರಿಗೆ ಬೇಗ ಆರಾಮ ಆಗಿತ್ತು. ಸ್ವಲ್ಪ ಹೊತ್ತಷ್ಟೇ ಇರತ್ತೆ ಅದರ ಪ್ರಭಾವ, ಆದ್ರೆ ಇಸಿಜಿ ಬರೋವರೆಗೆ, ರಕ್ತದ ರಿಪೋರ್ಟ್ ಬರೋವರೆಗೆ ಸಾಕು.

ಆ ರಾತ್ರಿ ಬಂದವರಿಗೂ ಮೊದಲು ಅದನ್ನೇ ಕೊಟ್ಟೆ. ಅಷ್ಟರಲ್ಲಿ ಇಸಿಜಿ ಆಯ್ತು, ಚೆನ್ನಾಗೇ ಇತ್ತು. ದಿನಾ ಯಾವ ಮಾತ್ರೆ ತಗೋತೀರ ಅಂದ್ರೆ ಅಪ್ಪ ಮಗ ಇಬ್ಬರೂ "ಬಿಪಿದು, ಬಿಳೀದು, ಚಿಕ್ಕದು" ಅಂದ್ರು. ಪ್ರಪಂಚದಲ್ಲಿರೋ ಅರ್ಧ ಮಾತ್ರೆ ಬಿಳೀದು, ಚಿಕ್ಕದೇ. ಮಗನ್ನ ಮನೆಗೆ ಓಡಿಸಿ ಮಾತ್ರೆ ಡಬ್ಬಿ ಪೂರ್ತಿ ತರಿಸಿದ್ವಿ, ಅದರಲ್ಲಿ ನಿದ್ದೆ ಬರ್ಲಿ ಅಂತ ಬರೆಸಿಕೊಂಡ ಒಂದು ಮಾತ್ರೆ ಇತ್ತು, ಕ್ಯೂಟಿ ಎಳೆಯೋದೇ, ಅದರ ಬಗ್ಗೆ ಅವರು ಬಾಯೇ ಬಿಟ್ಟಿರ್ಲಿಲ್ಲ. ಪೊಟ್ಯಾಶಿಯಂ 3.1 ಇತ್ತು, ಡ್ರಿಪ್ಪಲ್ಲಿ ನಿಧಾನಕ್ಕೆ ಹಾಕಿದ್ರು, ಮಾನಿಟರ್ ಹಚ್ಚಿ 4 ಮಿಲಿಗ್ರಾಂ ಇಂಜೆಕ್ಷನ್‌ನ ಸಲೈನಲ್ಲಿ ಬಿಟ್ಟೆ, ಬೆಳಗಿನ ಜಾವ ಎದ್ದು ಕೂತು ನೀರು ಕುಡಿದ್ರು.

ನಿಮ್ಮಲ್ಲಿ ಕೇಳೋದು ಇಷ್ಟೇ. ಆ 32 ಅನ್ನೋ ಅಂಕಿ ಬಿಟ್ಟುಹೋಗಿತ್ತು ಅಂತ ಎರಡು ಸಾಲು ಹಾಕಿ, ಆಸ್ಪತ್ರೆಗೆ ಬರುವಾಗ ಮಾತ್ರೆ ಡಬ್ಬಿ ಪೂರ್ತಿ ತನ್ನಿ ಅಂತ ಇನ್ನೊಂದು ಸಾಲು. ಹಾಕೋದಾದ್ರೆ ಅದೇ ಪುಟದಲ್ಲಿ, ಹೆಡ್ಡಿಂಗ್ ಇದ್ದ ಅದೇ ದಪ್ಪ ಅಕ್ಷರದಲ್ಲಿ ಹಾಕಿ, ಯಾಕಂದ್ರೆ ಆ ಫೋಟೋ ಇನ್ನೂ ಮೊಬೈಲಿಂದ ಮೊಬೈಲಿಗೆ ಓಡಾಡ್ತಾನೇ ಇದೆ, ನಿನ್ನೆ ನೈಟ್ ಡ್ಯೂಟಿಲೂ ಒಬ್ರು ತೋರಿಸಿದ್ರು.

ಇಂತಿ,
ಎಮರ್ಜೆನ್ಸಿ ವಾರ್ಡಿನ ಒಬ್ಬ ಸ್ಟಾಫ್ ನರ್ಸ್